ಕಾಗೆ ಗೂಡಿನೊಳಗೆ ಕೆಂಪು ಮಖಮಲ್ಲು

“ನಾನು ಹೇಳಿದ್ರೆ ನಂಬಲಿಲ್ಲ. ಈಗ ನೋಡಿ ಅಮ್ಮಾ, ಕಾಗೆನೇ ಬಂದು ಸಾಕ್ಷಿ ಹೇಳ್ತಿದೆ!”

ಕಟಿಂಗ್ ಮಾಸ್ಟರ್ ತೋರುಬೆರಳು ಚಾಚಿದ್ದು ಟೈಲರ್ ಅಂಗಡಿಯ ಮೆಟ್ಟಿಲ ಮೇಲಿದ್ದ ಗೂಡಿನತ್ತ. ಶನಿವಾರ ಬೆಳಿಗ್ಗೆ ಬೀದಿಯ ಅರ್ಧ ಭಾಗಕ್ಕೆ ಕರೆಂಟು ಹೋಗಿತ್ತು. ಲೈನಿನವರು ಕಂಬ ಹತ್ತಿ, ತಂತಿಗೆ ತಾಗಿಕೊಂಡಿದ್ದ ಗೂಡನ್ನು ಇಳಿಸಿ, ಒಳಗೆ ಬಟ್ಟೆ ಕಂಡು ಅಂಗಡಿಗೆ ತಂದುಕೊಟ್ಟು ಹೋಗಿದ್ದರು. ಗೂಡು ಅಂತ ಹೆಸರಿಗೆ. ಅದರಲ್ಲಿ ಕಡ್ಡಿಗಿಂತ ಕಬ್ಬಿಣವೇ ಜಾಸ್ತಿ. ಮುರಿದ ಹ್ಯಾಂಗರು, ಕಟ್ಟುವ ತಂತಿ, ಯಾರದೋ ಕನ್ನಡಕದ ಒಂದು ಕಾಲು. ನಡುವೆ ನಾರು, ಹತ್ತಿ. ಆ ನಾರಿನ ಸಂದಿಯಿಂದ ಕೆಂಪು ಮಖಮಲ್ಲು ಇಣುಕುತ್ತಿತ್ತು.

ಕಾಜಾ ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಹದಿಮೂರು ವರ್ಷದಿಂದ ಅವಳದು ಅದೇ ಕೆಲಸ. ಕತ್ತರಿಸಿದ ಬಟ್ಟೆಯ ಗಂಟನ್ನು ಮನೆಗೆ ಒಯ್ಯುವುದು, ಮಿಷನ್ನಿನಡಿ ಜಾರಬಾರದೆಂದು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕುವುದು, ಹೊಲಿದಾದ ಮೇಲೆ ಗುಂಡಿ ತೂರುವ ಕಾಜಾ ಮಾಡಿ ಗುಂಡಿ ಹಚ್ಚುವುದು. ಚೀಟಿ ಇಲ್ಲ, ಸಹಿ ಇಲ್ಲ. ಮಾಸ್ಟರ್ ಗಂಟು ಕಟ್ಟುತ್ತಾರೆ, ಅಕ್ಕ ಮನೆಯಲ್ಲಿ ಬಿಚ್ಚುತ್ತಾಳೆ. ಅಂಗಡಿಯಲ್ಲಿ ಗಂಟು ಬಿಚ್ಚಿ ನೋಡುವುದೆಂದರೆ ಕಟ್ಟಿದವರ ಮುಖಕ್ಕೆ ಹೊಡೆದಂತೆ.

ಗುರುವಾರದ ಗಂಟಿನಲ್ಲಿ ಮಖಮಲ್ಲಿನ ಕೋಟು ಇತ್ತೆಂದು ಮಾಸ್ಟರ್. ಇರಲಿಲ್ಲವೆಂದು ಅಕ್ಕ. ಗಿರಾಕಿಯ ಸೋದರಿ ದೂರದೂರಿನಿಂದ ಕಳಿಸಿದ ಬಟ್ಟೆ ಅದು, ಮತ್ತೊಂದು ಸಿಗುವಂಥದ್ದಲ್ಲ. ಸೋಮವಾರದಿಂದ ಬರಬೇಡ ಎಂದು ಅಂಗಡಿಯಮ್ಮ ನಿನ್ನೆಯೇ ಹೇಳಿದ್ದರು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ‘ಬಟ್ಟೆ ನುಂಗಿದವಳು’ ಅನ್ನುವ ಹೆಸರು ಬಂದರೆ ಯಾವ ಟೈಲರು ಗಂಟು ಕೊಡುತ್ತಾನೆ?

“ಗೂಡಿದ್ದ ಕಂಬ ಯಾರ ಮನೆ ಮುಂದೆ? ಇವಳ ಮನೆ ಮುಂದೆ!” ಮಾಸ್ಟರ್ ಬಿಡಲಿಲ್ಲ. “ಅಂಗಳದಲ್ಲಿ ಹರಡಿಕೊಂಡು ಕೂತಿದ್ದಾಳೆ, ಕಾಗೆ ಎತ್ಕೊಂಡು ಹೋಗಿದೆ. ತಪ್ಪಾಯ್ತು ಅನ್ನೋದು ಬಿಟ್ಟು—”

“ಸ್ವಲ್ಪ ತಡೀರಿ ಮಾಸ್ಟರ್. ಕಾಗೆ ಪಾಪ ಇನ್ನೂ ಬಾಯೇ ಬಿಟ್ಟಿಲ್ಲ.”

ಹಾಗೆಂದವನು ಕಂಬದಣ್ಣ, ಅಕ್ಕನ ಪಕ್ಕದ ಮನೆಯವನು. ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತಿಯಾದವನು. ಮೊಣಕಾಲು ಹೋಗಿದೆ, ಮಾತು ಹೋಗಿಲ್ಲ. ತಲೆಗೆ ಹಾಕಬೇಕಾದ ಟೋಪಿಯನ್ನು ಕೈಯಲ್ಲಿ ಬಟ್ಟಲಿನಂತೆ ಹಿಡಿದಿದ್ದ.

“ನೀವೇನು ಕಾಗೆ ವಕೀಲರಾ?”

“ಕಾಗೆಗೂ ನನಗೂ ಹಳೇ ಜಗಳ. ಎಷ್ಟು ಸಲ ಕುಕ್ಕಿಸಿಕೊಂಡಿದೀನಿ ಈ ನೆತ್ತಿಗೆ! ಅದಿರ್ಲಿ, ಕೋಟು ಯಾವತ್ತು ಕತ್ತರಿಸಿದ್ರಿ?”

“ಬುಧವಾರ ಸಂಜೆ.”

“ಸರಿಯಾಗಿ ನೆನಪಿದೆಯಾ?”

“ಅಮ್ಮನ ಹತ್ರಾನೂ ಹೇಳಿದೀನಿ. ಬುಧವಾರ ಸಂಜೆ ಕತ್ತರಿಸಿದೆ, ಗುರುವಾರ ಬೆಳಿಗ್ಗೆ ಗಂಟಿಗೆ ಹಾಕಿದೆ.”

ಅಂಗಡಿಯಮ್ಮ ಹೌದೆಂದು ತಲೆಯಾಡಿಸಿದರು. “ಸೋಮವಾರದಿಂದ ಬುಧವಾರದ ತನಕ ನಾನು ಅತ್ತಿಗೆ ಮನೇಲಿದ್ದೆ. ಬಂದ ತಕ್ಷಣ ಹೇಳಿದ್ರು.”

ಕಂಬದಣ್ಣ ಟೋಪಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಒಳಗೆ ನೀಲಿಹಸಿರು ಬಣ್ಣದ, ಕಂದು ಚುಕ್ಕೆಯ ಮೊಟ್ಟೆಗಳು. ಒಂದು, ಎರಡು, ಮೂರು, ನಾಲ್ಕು.

“ಗೂಡಿನಲ್ಲಿದ್ವು, ಇಳಿಸಿದ ಕೂಡಲೇ ನಾನೇ ಎತ್ತಿಟ್ಟೆ. ಎಲ್ಲರೂ ಮಖಮಲ್ಲು ನೋಡಿದ್ರಿ, ಇವನ್ನ ಯಾರೂ ನೋಡಲಿಲ್ಲ. ಕಾಗೆ ದಿನಕ್ಕೆ ಒಂದೇ ಮೊಟ್ಟೆ ಇಡೋದು. ಮಧ್ಯೆ ಒಂದು ದಿನ ಬಿಟ್ಟರೂ ಬಿಡಬಹುದು, ಒಂದೇ ದಿನ ಎರಡಂತೂ ಇಡಲ್ಲ. ಇವತ್ತು ಬೆಳಿಗ್ಗೆ ನಾಲ್ಕು ಇದ್ವು ಅಂದ್ರೆ ಹಿಂದಕ್ಕೆ ಎಣಿಸಿ.”

ಅಂಗಡಿಯಮ್ಮನ ಬೆರಳು ತಾನಾಗಿ ಮಡಚಿಕೊಂಡಿತು. “ಶನಿವಾರ... ಶುಕ್ರವಾರ... ಗುರುವಾರ... ಬುಧವಾರ.”

“ಬುಧವಾರ ಬೆಳಿಗ್ಗೆ ಮೊದಲನೇದು. ಅದೂ ತಡ ಅಂದ್ರೆ. ಈಗ ಗೂಡು ನೋಡಿ. ಮೊದಲು ತಂತಿ, ಆಮೇಲೆ ಮೆತ್ತನೆಯ ಹಾಸಿಗೆ, ಕೊನೆಗೆ ಮೊಟ್ಟೆ. ಮಖಮಲ್ಲು ನಾರಿನ ಅಡಿಯಲ್ಲಿ ಹೆಣೆದುಕೊಂಡಿದೆ. ಮೊಟ್ಟೆ ಅದರ ಮೇಲಿದ್ವು. ಬುಧವಾರ ಸಂಜೆ ಕತ್ತರಿಸಿದ ಬಟ್ಟೆ ಬುಧವಾರ ಬೆಳಿಗ್ಗೆ ಕಾಗೆಗೆ ಹೆಂಗೆ ಸಿಕ್ತು ಮಾಸ್ಟರ್?”

ಮಾಸ್ಟರ್ ಒಂದು ಹೆಜ್ಜೆ ಮುಂದೆ ಬಂದರು.

“ಕಾಗೆ ಲೆಕ್ಕ ನಂಬ್ಕೊಂಡು ಮನುಷ್ಯನ್ನ ಕಳ್ಳ ಅಂತೀರಾ?”

“ಕಳ್ಳ ಅಂದಿಲ್ಲ. ಕದ್ದೋನು ಚಿಂದಿ ಮಾಡಿ ಎಸೀತಾನಾ? ಅದೇ ನನಗೆ ತಿಳೀದೆ ಇರೋದು. ಕಂಬದ ವಿಷಯ ನನಗೆ ಗೊತ್ತು, ಕೋಟಿನ ವಿಷಯ ಗೊತ್ತಿಲ್ಲ. ತಂಗೀ, ನೀನೇ ಸ್ವಲ್ಪ ನೋಡು.”

ಅಕ್ಕ ಗೂಡಿನ ಮುಂದೆ ಕುಳಿತಳು. ತಂತಿ ಸರಿಸಿ ಒಂದೊಂದೇ ತುಂಡನ್ನು ಎಳೆದು ಮಡಿಲಲ್ಲಿ ಹರಡಿದಳು. ಅಂಗೈಯಗಲದ ಐದು ತುಂಡುಗಳು. ನೀಟಾಗಿ ಕತ್ತರಿ ಆಡಿದ ಅಂಚು. ಒಂದರ ಬೆನ್ನಿಗೆ ಬಿಳಿ ದಾರದ ಗುರುತು, ಓರೆಯಾಗಿ, ನಾಲ್ಕು ಬೆರಳು ಉದ್ದ. ಇನ್ನೊಂದನ್ನು ತಿರುಗಿಸಿದಳು. ಅದರಲ್ಲೂ ಅದೇ ಬಿಳಿ ದಾರ, ಅದೇ ಓರೆ, ಅದೇ ಉದ್ದ.

ಎರಡನ್ನೂ ಪಕ್ಕಪಕ್ಕ ಇಟ್ಟಳು.

“ಎದೆ ಜೇಬಿನ ಗುರುತು ಇದು,” ಎಂದಳು ಮೆಲ್ಲಗೆ.

“ಸರಿ. ಕೋಟು ಅಂದ್ಮೇಲೆ ಜೇಬಿರಲ್ವಾ?” ಎಂದರು ಅಂಗಡಿಯಮ್ಮ.

“ಎದೆ ಜೇಬು ಎಡಗಡೆ ಒಂದೇ ಇರೋದು ಅಮ್ಮಾ. ಇಲ್ಲಿ ಎರಡಿದೆ. ಕೋಟಿಗೆ ಎರಡು ಎಡ ಭಾಗ ಬಂದಿದೆ, ಬಲ ಭಾಗಾನೇ ಇಲ್ಲ.” ಅವಳು ತಲೆಯೆತ್ತಿ ಮಾಸ್ಟರನ್ನು ನೋಡಿದಳು. “ಮಖಮಲ್ಲು ಜಾರುತ್ತೆ ಅಂತ ಮಡಚದೆ ಒಂದೊಂದೇ ಪದರ ಕತ್ತರಿಸ್ತೀರಿ. ಎರಡನೇ ಸಲ ಕಾಗದದ ಅಚ್ಚು ಮಗುಚಿ ಹಾಕೋದು ಮರೆತ್ರಾ, ಮಾಸ್ಟರ್?”

ಮಾಸ್ಟರ್ ಸ್ಟೂಲಿನ ಮೇಲೆ ಕುಸಿದರು. ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಸೋಮವಾರಾನೇ ಕತ್ತರಿಸಿದ್ದೆ,” ಎಂದರು. “ಬಟ್ಟೆ ಮಿಗಲಿಲ್ಲ. ಜೋಡಿಸೋಕೆ ನೋಡಿದೆ, ಆಗಲಿಲ್ಲ. ಗುರುತು ಸಿಗಬಾರದು ಅಂತ ತುಂಡು ಮಾಡಿ ಹಿತ್ತಲ ಚಿಂದಿ ಬುಟ್ಟಿಗೆ ಹಾಕಿದೆ.”

“ತಪ್ಪಾಯ್ತು ಅಂತ ನನಗೆ ಹೇಳೋಕೇನಾಗಿತ್ತು?”

“ಒಂದು ಬಟ್ಟೆನೂ ಕೆಡಿಸದ ಕೈ ಅಂತ ಬಾಗಿಲಿಗೆ ಬೋರ್ಡ್ ಬರೆಸಿದ್ದು ನೀವಲ್ವಾ ಅಮ್ಮಾ? ದಿನಾ ಅದರ ಕೆಳಗೇ ಕೂತು ಕತ್ತರಿಸ್ತೀನಿ.”

“ಅದಕ್ಕೆ ಇವಳ ಹೆಸರು ಕೆಡಿಸಿದ್ರಾ?”

ಕಂಬದಣ್ಣ ಟೋಪಿಯನ್ನು ಎತ್ತಿಕೊಂಡ. “ಮರದ ಕವಲಿಗೆ ಒಂದು ಬುಟ್ಟಿ ಕಟ್ಟಿ ಇವನ್ನ ಇಟ್ಟು ನೋಡ್ತೀನಿ. ಸಾಕ್ಷಿ ಹೇಳಿದೋರನ್ನ ಬೀದಿಗೆ ಬಿಡಬಾರದು,” ಎಂದು ಕುಂಟುತ್ತ ಹೊರಟ.

ಅಂಗಡಿಯಮ್ಮ ಅಕ್ಕನ ಹತ್ತಿರ ಬಂದರು. “ನಿನ್ನೆ ಆಡಿದ ಮಾತು ವಾಪಸ್ ತಗೊಂಡೆ ಕಣೇ. ಸೋಮವಾರದ ಗಂಟು ಕಟ್ಟಿಟ್ಟಿದೆ, ಈಗಲೇ ತಗೊಂಡು ಹೋಗು.”

“ಹೂಂ ಅಮ್ಮಾ.”

ಅಕ್ಕ ಗಂಟನ್ನು ಎತ್ತಿಕೊಂಡು ಬಾಗಿಲವರೆಗೆ ನಡೆದಳು. ನಿಂತಳು. ಮರಳಿ ಬಂದು ಅದನ್ನು ಮಾಸ್ಟರ ಮುಂದೆ, ಕಟಿಂಗ್ ಮೇಜಿನ ಮೇಲಿಟ್ಟು, ಗಂಟು ಬಿಚ್ಚಿ, ತುಂಡುಗಳನ್ನು ಒಂದೊಂದಾಗಿ ಎಣಿಸತೊಡಗಿದಳು.