ಬನ್ನಪ್ಪನ ಹಳದಿ ಗುಂಡಿ

ಭಾವ ಅವನ ಕಪಾಳಕ್ಕೆ ಬಾರಿಸಿದ್ದು ಬ್ರೆಡ್ ಕಾರ್ಖಾನೆಯ ಅಷ್ಟೂ ಕೆಲಸಗಾರರ ಎದುರಿಗೆ. ಕೈಗೆ ಹಿಟ್ಟು ಮೆತ್ತಿತ್ತು. ಐದೂ ಬೆರಳು ಕೆನ್ನೆಯ ಮೇಲೆ ಬೆಳ್ಳಗೆ ಮೂಡಿದವು. ತಪ್ಪೇನು? ವಿಸಿಟಿಂಗ್ ಕಾರ್ಡಿನಲ್ಲಿ ತನ್ನ ಹೆಸರಿನ ಕೆಳಗೆ 'ಮಾಲೀಕರು' ಎಂದು ಹಾಕಿಸಿಕೊಂಡಿದ್ದ, ಅಷ್ಟೇ.

"ಮಾಲೀಕನಂತೆ ಮಾಲೀಕ! ನಿಮ್ಮಕ್ಕನ ಮುಖ ನೋಡಿ ಅನ್ನ ಹಾಕ್ತಿದೀನಿ ಕಣೋ. ಇನ್ನೊಂದ್ಸಲ ಬಾಲ ಬಿಚ್ಚಿದ್ರೆ ವ್ಯಾನಿಗೆ ಟ್ರೇ ಹೊರ್ತೀಯ, ಅಷ್ಟೇ."

ಯಾರೋ ಕಿಸಕ್ಕನೆ ನಕ್ಕರು. ಏಟಿಗಿಂತ ಆ ನಗು ಅವನಿಗೆ ಹೆಚ್ಚು ಉರಿಯಿತು. ಕೆನ್ನೆ ತೊಳೆದುಕೊಳ್ಳುವಾಗಲೇ ಅವನು ತೀರ್ಮಾನಿಸಿಬಿಟ್ಟ: ಭಾವ ಸಾಯಬೇಕು. ಸತ್ತರೆ ಕಾರ್ಖಾನೆ ಅಕ್ಕನಿಗೆ ಬರುತ್ತದೆ. ಅಕ್ಕನಿಗೆ ವ್ಯಾಪಾರದ ತಲೆಬುಡ ಗೊತ್ತಿಲ್ಲ. ತಾಯಿಯಿಲ್ಲದ ತಮ್ಮನನ್ನು ಕೈತುತ್ತು ಹಾಕಿ ಬೆಳೆಸಿದವಳು, ಅವನು ತೋರಿಸಿದ ಕಡೆ ರುಜು ಹಾಕುತ್ತಾಳೆ.

ಅವನೇನು ದಡ್ಡನಲ್ಲ. ಚಾಕು, ವಿಷ, ಬಾಡಿಗೆ ಗೂಂಡಾ, ಇವೆಲ್ಲ ಸಿಕ್ಕಿಬೀಳುವವರ ದಾರಿ. ಭಾವ ತನ್ನ ಕೈಯಾರೆ ಸಾಯಬೇಕು, ತಪ್ಪೂ ಭಾವನದೇ ಎಂದು ಊರೆಲ್ಲ ಹೇಳಬೇಕು.

ಆ ತಿಂಗಳು ಹಿಟ್ಟು ನಾದುವ ಹೊಸ ಯಂತ್ರ ಬಂದಿತ್ತು. ಆಳು ಇಳಿದು ನಿಲ್ಲುವಷ್ಟು ದೊಡ್ಡ ಕೊಳಗ, ಒಳಗೆ ತೊಡೆ ಗಾತ್ರದ ಉಕ್ಕಿನ ಕೊಕ್ಕೆ. ಭಾವ ಸಾಗಣೆಯವನ ಜೊತೆ ಜಗಳಕ್ಕೆ ನಿಂತಿದ್ದರಿಂದ, ಯಂತ್ರ ಕೂರಿಸಲು ಬಂದ ಫಿಟ್ಟರ್ ಅವನೊಬ್ಬನಿಗೇ ಎಲ್ಲ ವಿವರಿಸಿದ. ತೊಳೆಯುವ ಮೊದಲು ಗೋಡೆಯ ಮೇಲಿನ ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಳ್ಳಬೇಕು. ಹಳದಿ ಗುಂಡಿಯನ್ನು ಮಾತ್ರ ನಂಬಬಾರದು. "ಅದು ಹಿಟ್ಟಿಗೆ ರೆಸ್ಟ್ ಕೊಡೋಕೆ, ಸಾರ್. ಒತ್ತಿದ್ರೆ ಮಿಷನ್ ಸುಮ್ನಾಗುತ್ತೆ. ಸ್ವಲ್ಪ ಹೊತ್ತಾದ್ಮೇಲೆ ತಾನಾಗೇ ಶುರುವಾಗುತ್ತೆ." ಮೇಲಿನ ಜಾಲರಿ ಮುಚ್ಚಳ ಎತ್ತಿದರೆ ಯಂತ್ರ ನಿಲ್ಲುವ ಏರ್ಪಾಡೂ ಇತ್ತು. ಕೆಲಸ ನಿಧಾನವಾಗುತ್ತದೆಂದು ಅದನ್ನು ಭಾವ ಮೊದಲ ದಿನವೇ ತಂತಿ ಬಿಗಿದು ಕೆಡಿಸಿದ. ಎಲ್ಲ ಯಂತ್ರಗಳಿಗೂ ಭಾವ ಮಾಡುವುದು ಅದನ್ನೇ.

ಭಾವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವನಲ್ಲ. ಆದರೆ ಕಾರ್ಟೂನ್ ಹಾಕಿದರೆ ಬಾಯಿ ಬಿಟ್ಟುಕೊಂಡು ಕೂರುವ ಆಸಾಮಿ. ಹಾಗಾಗಿ ಅವನು ತಗ್ಗಿಬಗ್ಗಿ ಸಲಹೆ ಕೊಟ್ಟ: ಪ್ರತಿ ಯಂತ್ರದ ಪಕ್ಕ ಒಂದು ಪರದೆ, ಅದರಲ್ಲಿ ಕೆಲಸ ಕಲಿಸುವ ಗೊಂಬೆ ಚಿತ್ರ. ಭಾವ ಖುಷಿಯಿಂದಲೇ ಒಪ್ಪಿದ.

ಮನೆಯಲ್ಲೇ ಕೂತು ಸ್ವಂತವಾಗಿ ಆ್ಯನಿಮೇಶನ್ ಮಾಡುವ ಒಬ್ಬ ಹೆಂಗಸನ್ನು ಅವನೇ ಕರೆಸಿದ. ದೊಡ್ಡ ಗಂಟಲು, ಹಳೇ ಕೈ. ಕೆಲಸಗಾರರು ಅವಳನ್ನು ಗೊಂಬೆಯಮ್ಮ ಎಂದು ಕರೆದರು. ಅವಳು ಎರಡು ದಿನ ಯಂತ್ರದ ಮುಂದೆ ಕೂತು, ಭಾವನ ಹೊಟ್ಟೆ, ಭಾವನ ಮೀಸೆ ಇಟ್ಟು ಒಂದು ಬನ್ನಿಗೆ ಕೈಕಾಲು ಬಿಡಿಸಿದಳು. ಬನ್ನಪ್ಪ.

"ಅಯ್ಯೋ, ನಾನೇ ಕಣೇ ಇದು!" ಎಂದು ಭಾವ ಅಕ್ಕನನ್ನು ಕೂಗಿ ಕರೆದು ತೋರಿಸಿದ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಗೊಂಬೆಯಮ್ಮ ಸರಿಯಾದ ಚಿತ್ರವನ್ನೇ ಮಾಡಿಕೊಟ್ಟಳು: ಸ್ವಿಚ್, ಬೀಗ, ಜೇಬಿನಲ್ಲಿ ಕೀಲಿ. ಅದನ್ನು ಅವನು ಯಾರಿಗೂ ತೋರಿಸದೆ ಎತ್ತಿಟ್ಟ. ಬನ್ನಪ್ಪನ ಚಿತ್ರಗಳನ್ನು ಮಾತ್ರ ಇಂಟರ್ನೆಟ್ಟಿನಲ್ಲಿ ಸಿಕ್ಕ ಇನ್ನೊಬ್ಬ ಆ್ಯನಿಮೇಟರಿಗೆ ಕಳಿಸಿದ. ದೂರದ ಊರಿನವನು, ಇವನ ಮುಖ ಕಂಡವನಲ್ಲ, ನಿಜವಾದ ಹೆಸರು ತಿಳಿದವನಲ್ಲ. ಬರಿಯ ಫೋನಿನಲ್ಲೇ ವ್ಯವಹಾರ. ಬನ್ನಪ್ಪ ಹಳದಿ ಗುಂಡಿ ಒತ್ತಬೇಕು, ಯಂತ್ರ ನಿಲ್ಲಬೇಕು, ಬನ್ನಪ್ಪ ಸೊಂಟದವರೆಗೆ ಬಗ್ಗಿ ಕೊಳಗದ ತಳ ಕೆರೆಯಬೇಕು. ಅಷ್ಟೇ ಕೆಲಸ.

"ಮೊದಲು ದನಿ ಬೇಕು ಸಾರ್. ಮಾತು ಕೇಳಿಸ್ಕೊಂಡೇ ತುಟಿ ಬಿಡಿಸೋದು ನಾವು."

ಕಾರ್ಖಾನೆಯ ಪರದೆಗೆ ಸ್ಪೀಕರ್ರೇ ಇರಲಿಲ್ಲ. ಆ ಗದ್ದಲದಲ್ಲಿ ಯಾರಿಗೆ ಕೇಳಿಸುತ್ತದೆ? ಆದರೂ ಕೇಳಿದ ಮೇಲೆ ಕೊಡಬೇಕಲ್ಲ. ಅವನು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು, ಮೂಗು ಹಿಡಿದು, ಕೀರಲು ದನಿಯಲ್ಲಿ ನಾಲ್ಕು ಸಾಲು ಹೇಳಿ ಕಳಿಸಿದ. ಆ ದನಿ ಎಲ್ಲಿಂದ ಬಂತೋ, ಬಾಯಿಗೆ ಸಲೀಸಾಗಿ ಬಂತು. ತನ್ನ ದನಿ ತನಗೇ ಗುರುತು ಸಿಗದ್ದು ಕಂಡು ಹಿಗ್ಗಿದ.

ಕೆಲಸ ಮುಗಿದ ದಿನ ಫೋನಿನವನು ಏನೇನೋ ಕೇಳಿದ. ಹುಬ್ಬು ದಪ್ಪ ಮಾಡಲಾ, ನೆರಳು ಕೊಡಲಾ, ನನ್ನ ಶೋರೀಲಿಗೆ ಹಾಕ್ಕೊಳ್ಳಲಾ, ಹಿನ್ನೆಲೆ ತಿಳಿ ಮಾಡಲಾ. ಶೋರೀಲ್ ಎಂದರೇನು ಎಂದು ಕೇಳಿ ಸಣ್ಣವನಾಗುವ ಮನಸ್ಸಿರಲಿಲ್ಲ. "ಆಯ್ತು ಮಾರಾಯಾ, ಎಲ್ಲಾ ಮಾಡು" ಎಂದು ಫೋನಿಟ್ಟ.

ರಜೆಯ ದಿನ ಬಂತು. ತನ್ನ ಫೋನಿನಿಂದಲೇ ನಡೆಯುವ ಆ ಪರದೆಗೆ ಅವನು ಹಳದಿ ಗುಂಡಿಯ ಚಿತ್ರ ಹಾಕಿಟ್ಟಿದ್ದ. ಹೊಸ ಯಂತ್ರವನ್ನು ಮೊದಲು ತಾನೇ ಓಡಿಸಿ, ತಾನೇ ತೊಳೆಯಬೇಕೆಂದು ಭಾವನ ಹಟ, ಕೆಲಸಗಾರರಿಗೆ ಮರುದಿನ. ಅವನು ಮಹಡಿಯ ಆಫೀಸಿನಲ್ಲಿ ಅಕ್ಕನ ಜೊತೆ ಲೇಬಲ್ ಅಂಟಿಸುತ್ತ ಕೂತ. ಅಕ್ಕನ ಬೆನ್ನು ಗಾಜಿನ ಕಿಟಕಿಗೆ, ಅವನ ಮುಖ ಕಿಟಕಿಗೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರಿದ್ದಾರೆ?

ಕೆಳಗೆ ಭಾವ ಪರದೆ ನೋಡಿ ನಗುತ್ತಿದ್ದ. ಬನ್ನಪ್ಪನ ಹಾಗೆಯೇ ಬೆರಳು ಚಾಚಿ ಹಳದಿ ಗುಂಡಿ ಒತ್ತಿದ. ಕೊಕ್ಕೆ ನಿಂತಿತು. ಬನ್ನಪ್ಪನ ಹಾಗೆಯೇ ಮುಚ್ಚಳ ಎತ್ತಿ, ಸೊಂಟದವರೆಗೆ ಬಗ್ಗಿ, ತಳ ಕೆರೆಯತೊಡಗಿದ.

"ನಿಮ್ಮ ಭಾವ ಬೈತಾರೆ, ಆದ್ರೆ ಮನಸ್ಸು ಮೆತ್ತಗೆ ಕಣೋ" ಎಂದಳು ಅಕ್ಕ. "ಬರೋ ತಿಂಗಳು ನಿನ್ನೂ ಪಾಲುದಾರ ಮಾಡ್ತೀನಿ ಅಂತಿದ್ರು."

ಅವನ ಕೈಯ ಲೇಬಲ್ ವಾರೆಯಾಯಿತು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದ ಭಾವ. ಅವನು ಕೂಗಲಿಲ್ಲ.

ಯಂತ್ರ ಗುರ್ ಎಂದಿತು. ಕೊಕ್ಕೆ ಮೊದಲು ತೋಳು ಹಿಡಿಯಿತು, ಭುಜ ಲಟಕ್ಕೆಂದು ಕಿತ್ತುಬಂತು, ಆಮೇಲೆ ಕತ್ತು. ಭಾವನ ಕಾಲು ಗಾಳಿಯಲ್ಲಿ ಒದೆಯಿತು, ಒಂದು ಚಪ್ಪಲಿ ಓವನ್ನಿನವರೆಗೆ ಹಾರಿತು. ಕಿರುಚಾಟ ಅರ್ಧಕ್ಕೇ ನಿಂತಿತು. ಬಿಳಿ ಹಿಟ್ಟು ಕೆಂಪಾಗಿ ಕೊಳಗದ ಅಂಚಿನಿಂದ ಚೆಲ್ಲಿತು. ಅಕ್ಕ ಮೆಟ್ಟಿಲಲ್ಲಿ ಉರುಳಿಕೊಂಡು ಇಳಿದು, ಬರಿಗೈಯನ್ನೇ ಕೊಕ್ಕೆಗೆ ಹಾಕಿ ಗಂಡನನ್ನು ಎಳೆದಳು. ಅವಳ ಬೆರಳುಗಳೂ ನುಜ್ಜಾದವು. ಅವನು ಹಿಂದೆಯೇ ಇಳಿದು ಬಂದು ಒಂದು ಕೈಯಲ್ಲಿ ಮೇನ್ ಸ್ವಿಚ್ ಇಳಿಸಿದ, ಇನ್ನೊಂದು ಕೈಯ ಫೋನಿನಲ್ಲಿ ಪರದೆಯ ಚಿತ್ರ ಬದಲಿಸಿದ. ಪೊಲೀಸರು ಬಂದಾಗ ಬನ್ನಪ್ಪ ಬೀಗ ಹಾಕಿ, ಕೀಲಿ ಜೇಬಿಗಿಳಿಸುತ್ತಿದ್ದ.

ಎಲ್ಲ ಎಣಿಸಿದಂತೆಯೇ ಆಯಿತು. ಇಷ್ಟು ಚೆನ್ನಾಗಿ ತೋರಿಸಿಕೊಟ್ಟರೂ ಕೇಳಲಿಲ್ಲವಲ್ಲ ಪುಣ್ಯಾತ್ಮ ಎಂದು ಜನ ಮರುಗಿದರು. ವಾರ ಕಳೆದು ಇನ್‌ಸ್ಪೆಕ್ಟರ್ ಕೇಸು ಮುಗಿಸಲು ಆಫೀಸಿಗೆ ಬಂದ. ಎರಡೂ ಕೈಗೆ ಬ್ಯಾಂಡೇಜು ಸುತ್ತಿದ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವನು ಭಾವನ ಕುರ್ಚಿಯಲ್ಲಿದ್ದ.

ಆಗ ಗೊಂಬೆಯಮ್ಮ ಲ್ಯಾಪ್‌ಟಾಪ್ ಹಿಡಿದು ನುಗ್ಗಿದಳು. "ಈ ಹೊತ್ತಲ್ಲಿ ಬರಬಾರ್ದಿತ್ತು, ತಪ್ಪು ತಿಳ್ಕೋಬೇಡಿ. ಆದ್ರೆ ಅಮ್ಮಾ, ನನ್ನ ಬನ್ನಪ್ಪನ್ನ ಯಾವನೋ ಕದ್ದಿದಾನೆ! ಗಿರಾಕಿಗಳಿಗೆ ಕೆಲಸ ತೋರಿಸೋಕೆ ನಾವು ಶೋರೀಲ್ ಅಂತ ನೆಟ್ಟಲ್ಲಿ ಹಾಕ್ತೀವಲ್ಲ, ಅದ್ರಲ್ಲಿ ಹಾಕ್ಕೊಂಡಿದಾನೆ. ತಾರೀಖು ನೋಡಿ, ನಿಮ್ಮೆಜಮಾನ್ರು ಹೋಗೋಕೆ ಮುಂಚೇನೇ. ಅದೂ ತಪ್ಪುತಪ್ಪಾಗಿ!" ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟ. ತೆರೆಯ ಮೇಲೆ ಬನ್ನಪ್ಪ ಹಳದಿ ಗುಂಡಿಗೆ ಕೈಚಾಚಿದ, ಕಾರ್ಖಾನೆಯಲ್ಲಿ ಯಾರೂ ಕೇಳದ ಕೀರಲು ದನಿ ಕೋಣೆ ತುಂಬ ಮೊಳಗಿತು: "ಹಳದಿ ಗುಂಡಿ ಒತ್ತಿ, ಧೈರ್ಯವಾಗಿ ಬಗ್ಗಿ!" ದನಿ ಯಾರದೆಂದು ಯಾರಿಗೆ ತಾನೇ ಗೊತ್ತಾದೀತು ಎಂದು ಅವನು ಉಸಿರು ಬಿಟ್ಟ. "ಇನ್ನೊಂದ್ಸಲ ಹಾಕಿ" ಎಂದಳು ಅಕ್ಕ. ಮತ್ತೆ ಹಾಕಿದರು. ಅವಳು ತಮ್ಮನ ಕಡೆ ತಿರುಗಲೇ ಇಲ್ಲ, ಇನ್‌ಸ್ಪೆಕ್ಟರನ್ನು ನೋಡಿ ಹೇಳಿದಳು: "ಅಮ್ಮ ಸತ್ತಾಗ ನನ್ನ ಅಳು ನಿಲ್ತಿರ್ಲಿಲ್ಲ ಸಾರ್. ದಿಂಬಿಗೆ ಕಣ್ಣು ಬರೆದು, ಮೂಗು ಹಿಡ್ಕೊಂಡು, ಇದೇ ದನೀಲಿ ಮಾತಾಡಿ ಇವನು ನನ್ನ ನಗಿಸ್ತಿದ್ದ."