ಬಲೂನು ಕ್ಯಾಸೆಟ್ಟಿನ ಚೀಟಿ

ಹಳದಿ ಚೀಟಿಯ ಮೂಲೆ ಉಗುರಿಗೆ ಸಿಕ್ಕಿತು. ಗುಬ್ಬಿ ಉಸಿರು ಬಿಗಿಹಿಡಿದು ಎಳೆದಳು. ಪುಣ್ಯಕ್ಕೆ ಹರಿಯದೆ ಬಂತು.

"ಏನೇ ಅದು, ಇಲಿ ಥರ ಪರಪರ?" ಅತ್ತೆ ಕೌಂಟರಿನಿಂದ ಕೇಳಿದಳು.

"ಧೂಳು ಒರೆಸ್ತಿದೀನಿ ಅತ್ತೆ."

ಹಾಡುಗಳು ಡಬ್ಬಿಯಲ್ಲಿ ಸಿಗುತ್ತಿದ್ದ ಕಾಲ ಅದು. ಅಂಗೈಯಗಲದ ಕ್ಯಾಸೆಟ್, ಒಳಗೆ ಕಂದು ಟೇಪು. ಟೇಪು ಸಡಿಲವಾದರೆ ಪೆನ್ಸಿಲ್ ತೂರಿಸಿ ತಿರುಗಿಸಬೇಕು. ಆ ಪುಟ್ಟ ಅಂಗಡಿಯ ಹೊಸ ಪ್ಲಾಸ್ಟಿಕ್ ವಾಸನೆ ಈಗ ಎಲ್ಲಿ ಹುಡುಕಿದರೂ ಸಿಗದು ಬಿಡಿ.

ಅಂಗಡಿಯ ಒಡತಿ ಅತ್ತೆ, ಅಂದರೆ ಗುಬ್ಬಿಯ ಅಪ್ಪನ ಅಕ್ಕ. ಹೊಸ ಕ್ಯಾಸೆಟ್ ಬಂದರೆ ಸಾಕು, ಹೆಡ್‌ಫೋನ್ ಏರಿಸಿಕೊಂಡು ಎ ಸೈಡು, ಬಿ ಸೈಡು ಎರಡನ್ನೂ ಕೂತು ಕೇಳುತ್ತಿದ್ದಳು. ಕೆಟ್ಟ ಮಾತಿದ್ದರೆ ಡಬ್ಬಿಗೆ ಹಳದಿ ಚೀಟಿ: 'ದೊಡ್ಡವರಿಗೆ ಮಾತ್ರ'. ಅಂಥವು ಮೇಲಿನ ಸಾಲಿಗೆ. ಮಕ್ಕಳಿರುವ ಮನೆಯವರು ಚೀಟಿ ಇದೆಯೋ ಇಲ್ಲವೋ ಅಷ್ಟು ನೋಡಿ ಕಣ್ಣು ಮುಚ್ಚಿ ಒಯ್ಯುತ್ತಿದ್ದರು.

ಗುಬ್ಬಿಗೆ ಬೇಕಾಗಿದ್ದ ಮಕ್ಕಳ ಹಾಡಿನ ಕ್ಯಾಸೆಟ್ ಒಂದೇ ಒಂದು ಉಳಿದಿತ್ತು. ಅಪ್ಪ ಕೊಡಿಸುವುದು ಹುಟ್ಟುಹಬ್ಬಕ್ಕೆ, ಅದಕ್ಕೆ ಇನ್ನೂ ಎಂಟು ದಿನ. "ಎತ್ತಿಡು ಅತ್ತೆ" ಅಂದರೆ, "ಅಂಗಡಿ ಅಂದ್ರೆ ಅಂಗಡಿ. ಮೊದಲು ಬಂದವರಿಗೆ ಮೊದಲು" ಅಂದುಬಿಟ್ಟಿದ್ದಳು.

ಅದಕ್ಕೇ ಈ ಉಪಾಯ. ಬಲೂನಿನ ಚಿತ್ರವಿದ್ದ ಕ್ಯಾಸೆಟ್ಟಿನ ಚೀಟಿ ಕಿತ್ತು ತನಗೆ ಬೇಕಾದದ್ದಕ್ಕೆ ಅಂಟಿಸಿ, ಮೇಲಿನ ಸಾಲಿನಲ್ಲಿಟ್ಟಳು. ಇನ್ನು ಮಕ್ಕಳಿಗೆಂದು ಯಾರೂ ಒಯ್ಯುವುದಿಲ್ಲ. ಖಾಲಿ ಜಾಗ ಕಾಣಬಾರದಲ್ಲ, ಬಲೂನಿನದನ್ನು ಕೆಳಗೆ ಮಕ್ಕಳ ಸಾಲಿಗೆ ತುರುಕಿದಳು.

ಮರುದಿನ ಸ್ಕೂಲ್ ವ್ಯಾನ್ ಹತ್ತಿದಾಗ ಡ್ರೈವರ್ ಮಾಮ ಭಾರಿ ಖುಷಿಯಲ್ಲಿದ್ದ. "ನಿಮ್ಮತ್ತೆ ಅಂಗಡಿಯಿಂದ ನಿನ್ನೆ ಸಂಜೆ ಹೊಸ ಕ್ಯಾಸೆಟ್ ತಂದೆ. ಎಲ್ಲ ಕೇಳ್ರೋ, ಬಲೂನ್ ಹಾಡು."

ಗುಬ್ಬಿ ಕತ್ತು ಚಾಚಿ ಡಬ್ಬಿ ನೋಡಿದಳು. ಅದೇ ಬಲೂನು.

ಮೊದಲನೆಯದು ಬರೀ ಡ್ರಮ್ಸ್. ಎರಡನೆಯ ಹಾಡಿನಲ್ಲಿ ಶುರುವಾಯಿತು ನೋಡಿ, ಜಗಳಗಂಟರೂ ಕಿವಿ ಮುಚ್ಚಿಕೊಳ್ಳುವಂಥ ಬೈಗುಳ. ಮಾಮ ಗಕ್ಕನೆ ಬ್ರೇಕ್ ಹಾಕಿ ಟೇಪ್ ಆರಿಸಿದ. ಅಷ್ಟರಲ್ಲಿ ಒಂದನೇ ಕ್ಲಾಸಿನ ಬೊಚ್ಚುಬಾಯಿಯ ಹುಡುಗನೊಬ್ಬ ಆ ಮಾತನ್ನು ಕಲಿತು, ಮೂರು ಸಲ ಒಪ್ಪಿಸಿಯೂ ಆಗಿತ್ತು. ವ್ಯಾನೆಲ್ಲ ಗೊಳ್ಳೆಂದಿತು. ಗುಬ್ಬಿಗೆ ನಗು ಬರಲಿಲ್ಲ.

ಸಂಜೆ ಮಾಮ ಅಂಗಡಿಗೆ ಬಂದ. ಕೂಗಾಡಲಿಲ್ಲ. ಡಬ್ಬಿಯನ್ನು ಕೌಂಟರ್ ಮೇಲಿಟ್ಟು ಆದದ್ದನ್ನು ಹೇಳಿ, "ನಿಮ್ಮನ್ನ ನಂಬಿ ತಗೊಂಡೆ ಅಕ್ಕಾ" ಅಂದ.

ಅತ್ತೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ತಪ್ಪಾಯ್ತಪ್ಪ. ನಂದೇ ತಪ್ಪು."

ಮಾಮ ಹೋದ ಮೇಲೆ ಅತ್ತೆ ಅಂಗಡಿಯ ಶಟರ್ ಎಳೆದಳು. ಮಕ್ಕಳ ಸಾಲಿನ ಕ್ಯಾಸೆಟ್‌ಗಳನ್ನೆಲ್ಲ ಇಳಿಸಿ ರಾಶಿ ಹಾಕಿಕೊಂಡಳು.

"ಮನೆಗೆ ಹೋಗಲ್ವಾ ಅತ್ತೆ?"

"ಇವನ್ನೆಲ್ಲ ಇನ್ನೊಂದ್ಸಲ ಕೇಳ್ಬೇಕು. ನನ್ನ ಕಿವಿ ಮಂದ ಆಗಿರ್ಬೇಕು ಕಣೇ, ನಂಗೇ ಗೊತ್ತಾಗ್ಲಿಲ್ಲ. ಕಿವಿನೇ ಕೈಕೊಟ್ರೆ ಅಂಗಡಿ ಇಟ್ಕೊಂಡು ಏನು ಮಾಡ್ಲಿ?"

ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಅತ್ತೆ ಕಣ್ಣು ಮುಚ್ಚಿದಳು. ಎಷ್ಟು ಜೋರು ಇಟ್ಟಿದ್ದಳೆಂದರೆ ಹಾಡು ಗುಬ್ಬಿಗೂ ಕೇಳಿಸುತ್ತಿತ್ತು. ಒಂದು ಕ್ಯಾಸೆಟ್ ಮುಗಿಯಿತು, ಇನ್ನೊಂದು ಹಾಕಿದಳು. ಗುಬ್ಬಿಗೆ ತಡೆಯಲಾಗಲಿಲ್ಲ.

"ಅತ್ತೆ, ಆ ಚೀಟಿ ಕಿತ್ತಿದ್ದು ನಾನು."

ಅತ್ತೆಗೆ ಕೇಳಿಸಲಿಲ್ಲ. ಒಂದು ಸಲ ಹೇಳುವುದೇ ಪ್ರಾಣಸಂಕಟ. ಗುಬ್ಬಿ ಹೆಡ್‌ಫೋನ್ ಸರಿಸಿ ಎಲ್ಲವನ್ನೂ ಎರಡನೇ ಸಲ ಹೇಳುವಾಗ ಅಳುವೂ ಸೇರಿಕೊಂಡಿತು.

ಅತ್ತೆ ಹೆಡ್‌ಫೋನ್ ತೆಗೆದು ಕೌಂಟರ್ ಮೇಲಿಟ್ಟಳು.

"ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇದೆ" ಅಂದು ಉಸಿರುಬಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು.

ಗುಬ್ಬಿ ಬೈಗುಳಕ್ಕೆ ಕಾದು ನಿಂತಿದ್ದಳು. ಅತ್ತೆ ಇಷ್ಟು ಹೆದರಿದ್ದಳೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗುಬ್ಬಿ ಮೂಗು ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಡ್ರೈವರ್ ಮಾಮನ ಮನೆಗೆ."

"ನಾಳೆ ಬೆಳಿಗ್ಗೆ ವ್ಯಾನಲ್ಲಿ ಸಿಗ್ತಾನಲ್ಲೇ."

"ಅಲ್ಲೀವರೆಗೂ ನಿನ್ನ ತಪ್ಪು ಅಂತಾನೇ ಅಂದ್ಕೊಂಡಿರ್ತಾನಲ್ಲ ಅತ್ತೆ."

ಅತ್ತೆ ಎದ್ದು ಶಟರ್ ಎತ್ತಿದಳು.