ಮೂರು ಬಣ್ಣದ ಪ್ರಮೇಯ

ಒಂದೇ ತಿಂಗಳಲ್ಲಿ ತಂಗಿ ಜಗತ್ಪ್ರಸಿದ್ಧಳಾಗಿಬಿಟ್ಟಿದ್ದಳು. ಅದೇ ಅಪರಾಧ.

ಗಣಿತ ಸಂಶೋಧನಾ ಸಂಸ್ಥೆಯ ನಿರ್ದೇಶಕಿಯ ಮೇಜಿನ ಮೇಲೆ ಅವಳ ಫೈಲು ಬಾಯಿ ತೆರೆದು ಕೂತಿತ್ತು. ಅವಳದು ಗ್ರಾಫ್ ಸಿದ್ಧಾಂತ. ಚುಕ್ಕಿಗಳಿಗೂ ಗೆರೆಗಳಿಗೂ ಸಂಬಂಧ ಕುದುರಿಸುವ ಗಣಿತ. ಬೇರೆ ಸಂಶೋಧಕರು ಅವಳ ಕೆಲಸವನ್ನು ಉಲ್ಲೇಖಿಸಿದ್ದು ಹೋದ ತಿಂಗಳವರೆಗೆ ಮೂವತ್ತು ಸಲ. ಈಗ ಇನ್ನೂರು!

"ಈ ಉಲ್ಲೇಖಗಳನ್ನ ಕೊಂಡುಕೊಂಡ್ರಾ?" ನಿರ್ದೇಶಕಿ ಕೇಳಿದರು.

"ಇಲ್ಲ ಮೇಡಂ. ಬರೆದವರು ಯಾರು ಅಂತಾನೂ ಗೊತ್ತಿಲ್ಲ."

"ಮೂರು ಗಂಟೆಗೆ ನಿಮ್ಮ ಕಾಯಂ ಹುದ್ದೆಯ ಸಂದರ್ಶನ. ಅಷ್ಟರೊಳಗೆ ಉತ್ತರ ಕೊಡಿ. ಇಲ್ಲದಿದ್ರೆ ಹುದ್ದೆ ಮರೆತುಬಿಡಿ."

ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥರು ನಿಟ್ಟುಸಿರಿಟ್ಟರು. "ಈಗಿನವರಿಗೆ ಎಲ್ಲಾ ಅವಸರ. ನಾನಂತೂ ಬಿತ್ತಿ, ಕಾದು, ಬೆಳೆದವನು."

ತಂಗಿ ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಪೊಲೀಸ್ ಇನ್ಸ್‌ಪೆಕ್ಟರ್. ಆ ದಿನ ರಜೆ. ಬಂದಳು.

*

"ಬಿತ್ತಿ, ಕಾದು, ಬೆಳೆದವನು!"

ಸಂಶೋಧನಾ ಕೊಠಡಿಯ ಬಾಗಿಲಲ್ಲಿ ಮುಖ್ಯಸ್ಥರ ದನಿ ಕೇಳಿ ತಂಗಿಯ ಶಿಷ್ಯ ದಡಬಡಿಸಿ ಎದ್ದು ನಿಂತ. ನೋಡಿದರೆ ಅಕ್ಕ; ಬರುವಾಗ ಮುಖ್ಯಸ್ಥರು ಮೊಗಸಾಲೆಯಲ್ಲಿ ಯಾರಿಗೋ ಅದೇ ಮಾತು ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ಅವಳ ಗಂಟಲಲ್ಲಿ ಬಾಡಿಗೆಗೆ ಬಂದ ಹಾಗೆ.

"ಅಕ್ಕಾ, ನನ್ನ ಪ್ರಾಣ ಹೋಗ್ತಿದೆ, ನಿಂಗೆ ತಮಾಷೆ!"

"ಪ್ರಾಣ ಇರಲಿ, ಬೋರ್ಡು ಕೊಡು. ಗ್ಯಾಂಗು ಹಿಡಿಯೋಕೆ ನಾವೂ ಚುಕ್ಕಿ, ಗೆರೆ ಹಾಕ್ತೀವಿ. ಯಾರು ಯಾರಿಗೆ ಫೋನ್ ಮಾಡಿದ್ರು ಅಂತ. ಈ ಗೆರೆಗೆ ಏನಂತೀರಿ?"

"ಅಂಚು."

"ನಮ್ಮಲ್ಲಿ ಸಂಚು. ಹಾಕು."

ತಂಗಿ ತನ್ನ ಒಂದೊಂದು ಪ್ರಬಂಧಕ್ಕೂ ಒಂದು ಚುಕ್ಕಿ ಇಟ್ಟಳು. ಹೊಸ ಉಲ್ಲೇಖಗಳ ಗೆರೆ ಎಳೆಯುತ್ತ ಹೋದಂತೆ ಅವಳ ಕೈ ನಿಧಾನವಾಯಿತು. ಎಲ್ಲ ಗೆರೆಗಳೂ ಒಂದೇ ಚುಕ್ಕಿಗೆ ಬಂದು ಮುತ್ತಿದ್ದವು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ.

"ಇದು ಯಾವ ಪ್ರಬಂಧ?"

"ನನ್ನ ಮೊಟ್ಟಮೊದಲನೇದು. ಒಂದು ಜಾತಿಯ ಗ್ರಾಫಿನ ಚುಕ್ಕಿಗಳಿಗೆಲ್ಲ ಮೂರೇ ಬಣ್ಣ ಸಾಕು, ಗೆರೆಯ ಎರಡು ತುದಿಗೆ ಒಂದೇ ಬಣ್ಣ ಬರಲ್ಲ ಅಂತ ಬರೆದಿದ್ದೆ."

ಅಕ್ಕ ಶಿಷ್ಯನ ಕಡೆ ತಿರುಗಿದಳು. "ಗುರುಭಕ್ತಿ ಹೆಚ್ಚಾಗಿ ನೀನೇ ಬರೆಸಿದ್ದಾ?"

"ನಾನಾ?" ಅವನ ಮುಖ ಕೆಂಪಾಯಿತು. "ಆ ಪ್ರಮೇಯ ತಪ್ಪು ಅಂತ ಕಂಡುಹಿಡಿದವನೇ ನಾನು! ನಾಲ್ಕು ಬಣ್ಣ ಬೇಕು."

"ಹೌದಕ್ಕಾ," ತಂಗಿ ನಕ್ಕಳು. "ಎರಡು ವರ್ಷದ ಹಿಂದೆ ನಾನೇ ತಪ್ಪೊಪ್ಪಿಕೊಂಡು ವಾಪಸ್ ತಗೊಂಡೆ."

ಅಕ್ಕನ ಹುಬ್ಬು ಮೇಲೇರಿತು. "ಸತ್ತ ಕುದುರೆಗೆ ಯಾರೋ ಮೇವು ಹಾಕ್ತಿದ್ದಾರೆ. ಅದು ಸತ್ತಿದ್ದು ಅವರಿಗೆ ಗೊತ್ತಿಲ್ಲ. ನಿನ್ನ ಜೊತೆ ಬರೆದವರು ಯಾರು?"

"ಯಾರೂ ಇಲ್ಲ. ಹೆಸರಿಗೆ ಮಾತ್ರ ಮುಖ್ಯಸ್ಥರು. ಹೊಸದಾಗಿ ಸೇರಿದವರು ಮೊದಲ ಪ್ರಬಂಧಕ್ಕೆ ಅವರ ಹೆಸರು ಹಾಕಬೇಕು, ಇಲ್ಲಿನ ಪದ್ಧತಿ."

"ವಾಪಸ್ ತಗೊಂಡಾಗ ಹೇಳಿದ್ಯಾ?"

"ಹೇಳೋಕೆ ಹೋದೆ, ಪೂರ್ತಿ ಕೇಳಲೇ ಇಲ್ಲ. ಸಣ್ಣಪುಟ್ಟದಕ್ಕೆಲ್ಲ ನನ್ನ ಹತ್ರ ಬರಬೇಡ ಅಂದ್ರು."

"ಅವರಿಗೇನಾದ್ರೂ ಬರೋದಿದ್ಯಾ? ಬಡ್ತಿ, ಬಹುಮಾನ?"

"ವರ್ಷದ ಶ್ರೇಷ್ಠ ಸಂಶೋಧಕ ಪ್ರಶಸ್ತಿಗೆ ಅರ್ಜಿ ಹಾಕಿದ್ದಾರೆ. ಅದಕ್ಕೆ ಉಲ್ಲೇಖಗಳೇ ಅಳತೆ," ಶಿಷ್ಯ ಹೇಳಿದ.

ಅಕ್ಕ ಆ ಹೊಸ ಉಲ್ಲೇಖಗಳು ಅಚ್ಚಾಗಿದ್ದ ಪತ್ರಿಕೆಯೊಂದರ ಜಾಲತಾಣ ತೆರೆಸಿದಳು. ಕೊನೆಯಲ್ಲಿ ಒಂದು ಫೋನ್ ನಂಬರ್ ಇತ್ತು. ತಿರುಗಿಸಿದಳು. ಜೇನಿನಂಥ ಹೆಣ್ಣುದನಿ ರಾಗವಾಗಿ ಹೇಳಿತು: "ಹೇಳೀ ಸಾರ್, ಉಲ್ಲೇಖ ಎಷ್ಟು ಬೇಕಿತ್ತು ಸಾ...ರ್?"

ಅಕ್ಕ ಮಾತಾಡದೆ ಇಟ್ಟಳು. ಗಂಟಲಿಗೆ ಹೊಸ ಬಾಡಿಗೆದಾರಳು ಬಂದಿದ್ದಳು.

*

ನಿರ್ದೇಶಕಿಯ ಕೋಣೆ. ಅಕ್ಕ ತನ್ನ ಫೋನಿನ ಸ್ಪೀಕರ್ ಹಾಕಿ ಮುಖ್ಯಸ್ಥರಿಗೆ ಕರೆ ಮಾಡಿದಳು.

"ನಮಸ್ಕಾರ ಸಾ...ರ್. ನಂಬರ್ ಬದಲಾಗಿದೆ ಸಾ...ರ್. ಮುಂದಿನ ಕಂತು ಕಳಿಸ್ತಿದೀವಿ. ಯಾವ ಪ್ರಬಂಧಕ್ಕೆ ಹಾಕೋಣ?"

"ಮೆಲ್ಲಗೆ ಮಾತಾಡಮ್ಮ!" ಮುಖ್ಯಸ್ಥರು ಪಿಸುಗುಟ್ಟಿದರು. "ಸ್ವಲ್ಪ ದಿನ ತಡಿ. ಆ ಹುಡುಗಿ ಫೈಲು ಮೇಜಿನ ಮೇಲಿದೆ. ಆಮೇಲೆ ಅದೇ ಮೂರು ಬಣ್ಣದ್ದಕ್ಕೇ ಹಾಕು."

"ಅದು ಗಟ್ಟಿ ಇದೆಯಾ ಸಾ...ರ್?"

"ಬಂಡೆ! ಒಂದೊಂದು ಸಾಲೂ ನಾನೇ ಪರಿಶೀಲಿಸಿದ್ದು."

ನಿರ್ದೇಶಕಿ ಕನ್ನಡಕ ತೆಗೆದಿಟ್ಟರು. "ಬಂಡೆ ಸಾಹೇಬ್ರೇ, ನನ್ನ ಕೋಣೆಗೆ ಉರುಳಿಕೊಂಡು ಬನ್ನಿ."

ಆ ಕಡೆ ಫೋನು ಕೆಳಗೆ ಬಿದ್ದ ಸದ್ದು.

"ನಿಮಗೆ ಅವರ ಮೇಲೇ ಅನುಮಾನ ಹೇಗೆ ಬಂತು?" ನಿರ್ದೇಶಕಿ ಕೇಳಿದರು.

"ನನ್ನ ತಂಗಿ ಕೊಳ್ಳೋದಾದ್ರೆ ತನ್ನ ಒಳ್ಳೆ ಪ್ರಬಂಧಕ್ಕೆ ಕೊಳ್ತಿದ್ಲು, ತಾನೇ ವಾಪಸ್ ತಗೊಂಡಿದ್ದಕ್ಕಲ್ಲ. ಶಿಷ್ಯನಿಗೂ ಅದರ ತೂತು ಗೊತ್ತು. ಇವಳ ಹೆಸರು ಕೆಡಿಸೋರಿಗೆ ಅದೊಂದೇ ಯಾಕೆ ಬೇಕು? ಅದರಿಂದ ಲಾಭ ಇರೋರು, ಆದ್ರೆ ಅದು ತಪ್ಪು ಅಂತ ಗೊತ್ತಿಲ್ಲದೋರು ಒಬ್ಬರೇ: ಓದದೆ ಹೆಸರು ಹಾಕಿಸಿಕೊಂಡೋರು. ಇವಳ ಲೆಕ್ಕ ಏರಿದ್ದು ಅವರ ಹೊಳೆಯಲ್ಲಿ ಇವಳ ದೋಣಿನೂ ಇದ್ದಿದ್ದಕ್ಕೆ."

ನಿರ್ದೇಶಕಿ ಫೈಲಿನಲ್ಲಿ ಇನ್ನೂರನ್ನು ಹೊಡೆದುಹಾಕಿ ಮೂವತ್ತು ಎಂದು ಬರೆದರು. "ಸಂದರ್ಶನ ಮೂರಕ್ಕೇ. ತಡ ಮಾಡಬೇಡಿ."

*

ಐದಕ್ಕೆ ತಂಗಿ ಹೊರಗೆ ಬಂದಳು. ಮುಖ ನೋಡಿದರೇ ತಿಳಿಯುತ್ತಿತ್ತು: ಕೆಲಸ ಕಾಯಂ.

"ಲೇ," ಅಕ್ಕ ಬೈಕು ಹತ್ತುತ್ತ ಕೇಳಿದಳು, "ಇಷ್ಟೆಲ್ಲ ಮಾಡಿದೀನಿ. ಮುಂದಿನ ಪ್ರಬಂಧಕ್ಕೆ ನನ್ನ ಹೆಸರೂ ಹಾಕ್ತೀಯಾ?"

"ಓದ್ತೀಯಾ?"

"ಇಲ್ಲಪ್ಪ!"

"ಹಾಗಾದ್ರೆ ಸುಮ್ನೆ ಗಾಡಿ ಓಡಿಸು."